ಬೊಂಬೆ ಅಗ್ಗ, ಪಾಳಿ ತುಟ್ಟಿ

ಹುಟ್ಟುವ ನೂರು ಮಕ್ಕಳಲ್ಲಿ ಸುಮಾರು 10 ಮಕ್ಕಳಿಗೆ ಮೊದಲ ಉಸಿರೆಳೆಯಲು ಯಾರಾದರೂ ಕೈಹಚ್ಚಬೇಕಾಗುತ್ತದೆ. ಮೈ ಒರೆಸಿ ಬೆನ್ನು ತಿಕ್ಕಿದರೆ ಹಲವು ಮಕ್ಕಳು ಅಳುತ್ತವೆ. ಅಳದಿದ್ದರೆ ಮೊದಲ ನಿಮಿಷದೊಳಗೇ ಆಂಬು ಬ್ಯಾಗ್, ಅಂದರೆ ಮಗುವಿನ ಮೂಗು-ಬಾಯಿಗೆ ಮಾಸ್ಕ್ ಇಟ್ಟು ಕೈಯಿಂದ ಹಿಚುಕಿ ಗಾಳಿ ಕೊಡುವ ಚೀಲ, ಒತ್ತಲು ಶುರು ಮಾಡಬೇಕು.

ವಾಸ್ಕೋದ ಬೈನಾ, ಝುವಾರಿನಗರಗಳಲ್ಲಿ ದುಡಿಯುವ ನಮ್ಮ ಬಾಗಲಕೋಟೆ, ಕೊಪ್ಪಳದ ಕಡೆಯವರ ಎಷ್ಟೋ ಮಕ್ಕಳು ಹುಟ್ಟುವುದು ಗೋವಾದ ಸರ್ಕಾರಿ ಆಸ್ಪತ್ರೆಗಳಲ್ಲೇ. ಅಂಥ ಹೆರಿಗೆ ಕೋಣೆಯ ಸಿಸ್ಟರ್‌ಗಳಿಗೆ ಹೀಗೆ ಉಸಿರು ಕೊಡುವ ತರಬೇತಿಗೆ ಎಷ್ಟು ಖರ್ಚು ಎಂದರೆ ಥಟ್ಟನೆ ನೆನಪಾಗುವುದು ಅಭ್ಯಾಸಕ್ಕೆ ಬಳಸುವ ಕೂಸಿನ ಬೊಂಬೆಯ ಬೆಲೆ. ಆದರೆ ದೊಡ್ಡ ಖರ್ಚು ಬೇರೆಯೇ ಇದೆ. ಕೇಂದ್ರ ಸರ್ಕಾರದ ನವಜಾತ ಶಿಶು ಸುರಕ್ಷಾ ಕಾರ್ಯಕ್ರಮ 2009ರಲ್ಲಿ 2 ದಿನಗಳ ತರಬೇತಿಯಾಗಿ ಶುರುವಾಯಿತು. ವಾರ್ಡಿನಲ್ಲಿ 24 ಸಿಸ್ಟರ್‌ಗಳಿದ್ದಾರೆ ಎನ್ನಿ, 48 ಡ್ಯೂಟಿಗೆ ಬದಲಿ ಜನ ಬೇಕು. ಕಲಿಸುವವರ ಸಮಯ ಬೇರೆ. ಇಷ್ಟಾದರೂ ಕಲಿತದ್ದು ಕೆಲವೇ ತಿಂಗಳಲ್ಲಿ ಕೈಬಿಟ್ಟು ಹೋಗುತ್ತದೆ.

ಹಾಗಾಗಿ ವರ್ಷಕ್ಕೊಮ್ಮೆ ದೊಡ್ಡ ಶಿಬಿರಕ್ಕೆ ಸುರಿಯುವ ದುಡ್ಡಿಗಿಂತ, ಪಾಳಿ ಬದಲಾಗುವಾಗ ವಾರಕ್ಕೊಮ್ಮೆ 10 ನಿಮಿಷದ ಅಭ್ಯಾಸ ಹೆಚ್ಚು ಫಲ ಕೊಡುತ್ತದೆ. ಅದಕ್ಕೆ ಕಂಪ್ಯೂಟರ್ ಬೊಂಬೆ ಬೇಕಿಲ್ಲ. ಸುಮಾರು 2 ಲೀಟರ್ ಉಗುರುಬೆಚ್ಚಗಿನ ನೀರು ತುಂಬುವ ಸರಳ ಬೊಂಬೆ ಸಾಕು. ಹಸುಗೂಸಿನ ಹಾಗೇ ಕೈಯಲ್ಲಿ ಜೋಲುತ್ತದೆ. ಕತ್ತು ತೀರಾ ಹಿಂದಕ್ಕೆ ಬಾಗಿದರೆ, ಮಾಸ್ಕ್ ಕೆನ್ನೆಯ ಹತ್ತಿರ ಒಂದೆಳೆ ಬಿಟ್ಟುಕೊಂಡರೆ ಎದೆ ಏಳುವುದಿಲ್ಲ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಗಾಬರಿಯಲ್ಲಿ ಕೈ ಓಡುತ್ತದೆ. ಬೇಕಾದದ್ದು ನಿಮಿಷಕ್ಕೆ 40ರಿಂದ 60 ಉಸಿರು. ತಾಯಿಯ ಪಾತ್ರಕ್ಕೂ ಒಬ್ಬರನ್ನು ಮಲಗಿಸಿ, “ಅವ್ವಾ, ಕೂಸಿಗೆ ಉಸಿರು ಕೊಡಾಕತ್ತೇವಿ” ಎಂದು ಹೇಳುವುದನ್ನೂ ರೂಢಿಸಬೇಕು. ಇದಕ್ಕೆ ಪೈಸೆ ಖರ್ಚಿಲ್ಲ.

ಜಿಪುಣತನ ಮಾಡಬಾರದ್ದು ಬ್ಯಾಗಿನ ವಿಷಯದಲ್ಲಿ. ಅಭ್ಯಾಸಕ್ಕೆ ಬೇರೆ ಬ್ಯಾಗ್, ಮಗುವಿಗೆ ಬೇರೆ. 0 ಮತ್ತು 1 ಅಳತೆಯ ಮಾಸ್ಕ್ ಎರಡೂ ಇರಲಿ. ತೊಳೆದು ಜೋಡಿಸುವಾಗ ಒಳಗಿನ ತೆಳು ರಬ್ಬರ್ ಕವಾಟ ಕಳೆದುಹೋಗುವುದುಂಟು, ತಿರುಗುಮುರುಗಾಗುವುದೂ ಉಂಟು. ಮಾಸ್ಕನ್ನು ಅಂಗೈಗೆ ಒತ್ತಿಹಿಡಿದು ಬ್ಯಾಗ್ ಹಿಚುಕಿ ನೋಡಿ: ಕೈಗೆ ಒತ್ತಡ ತಾಗದಿದ್ದರೆ ಆ ಬ್ಯಾಗಿನ ಗಾಳಿ ಮಗುವಿಗೆ ಸೇರುವುದಿಲ್ಲ.

ಬೊಂಬೆಯ ನೀರು ಬಸಿದು ಒಣಗಿಸದಿದ್ದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಒಣಗಿದ ಮೇಲೆ ಹೆರಿಗೆ ಕೋಣೆಯ ಪಕ್ಕದಲ್ಲೇ ಇಡಿ. ಕಪಾಟಿಗೆ ಬೀಗ ಬಿದ್ದು ಕೀಲಿ ಹಗಲು ಪಾಳಿಯವರ ಜೊತೆ ಮನೆಗೆ ಹೋದರೆ, ರಾತ್ರಿ ಪಾಳಿಯವರ ಕೈಗೆ ಅಭ್ಯಾಸವೇ ಸಿಗುವುದಿಲ್ಲ.