ಎಣ್ಣೆ ಸಿಕ್ಕ ಊರಿನಲ್ಲಿ ಸಾವಿನ ಲೆಕ್ಕ

ಒಂದು ಊರಿನಲ್ಲಿ ಕೆಲಸಗಾರರು ಎರಡು ಪಟ್ಟಾದರು, ಕೆಲಸದ ಜಾಗದಲ್ಲಿ ಸಾಯುವವರೂ ಎರಡು ಪಟ್ಟಾದರು ಅಂದುಕೊಳ್ಳಿ. ಇದರಲ್ಲಿ ಆಶ್ಚರ್ಯ ಪಡುವಂಥದ್ದೇನೂ ಇಲ್ಲ. ಜನ ಜಾಸ್ತಿ ಆದರು, ಅಪಘಾತವೂ ಜಾಸ್ತಿ ಆಯಿತು, ಅಷ್ಟೇ. ಅಪಾಯ ನಿಜಕ್ಕೂ ಹೆಚ್ಚಿದೆಯಾ ಅಂತ ತಿಳಿಯಬೇಕಾದರೆ ಸತ್ತವರ ಸಂಖ್ಯೆಯನ್ನು ದುಡಿಯುವವರ ಸಂಖ್ಯೆಯಿಂದ ಭಾಗಿಸಿ ನೋಡಬೇಕು. ಅಮೆರಿಕದ ನಾರ್ತ್ ಡಕೋಟಾ ರಾಜ್ಯದಲ್ಲಿ ಹೀಗೆ ಭಾಗಿಸಿದ ಮೇಲೂ ಅಂಕಿ ಗಾಬರಿ ಹುಟ್ಟಿಸುವಷ್ಟು ಏರಿತ್ತು. 2007ರಲ್ಲಿ ಅಲ್ಲಿ ಲಕ್ಷ ಕೆಲಸಗಾರರಿಗೆ 7 ಸಾವು. 2012ಕ್ಕೆ ಅದು 17.7 ಆಯಿತು. ಇಡೀ ಅಮೆರಿಕದ ಸರಾಸರಿ ಆಗ 3.4ರ ಆಸುಪಾಸಿನಲ್ಲಿತ್ತು.

ನಡುವೆ ಆದದ್ದಾದರೂ ಏನು? ಎಣ್ಣೆ ಸಿಕ್ಕಿತು. ಸಿಕ್ಕಿತು ಅನ್ನುವುದಕ್ಕಿಂತ ಕೈಗೆಟುಕಿತು ಅನ್ನಬೇಕು. ನೆಲದಿಂದ ಸುಮಾರು ಮೂರು ಕಿಲೋಮೀಟರ್ ಆಳದಲ್ಲಿ ಬಾಕನ್ ಅನ್ನುವ ಬಂಡೆಪದರ ಇದೆ, ಅದರಲ್ಲಿ ಎಣ್ಣೆ ಇದೆ ಅಂತ 1950ರ ದಶಕದಿಂದಲೇ ಗೊತ್ತಿತ್ತು. ಆದರೆ ಎಣ್ಣೆ ಆ ಬಂಡೆಯ ಸಂದುಗೊಂದುಗಳಲ್ಲಿ ಸಿಕ್ಕಿಹಾಕಿಕೊಂಡಿತ್ತು, ಹರಿದು ಬರುತ್ತಿರಲಿಲ್ಲ. ಬಾವಿಯನ್ನು ನೇರ ಕೆಳಗಿಳಿಸಿ, ಆಮೇಲೆ ಅಡ್ಡಕ್ಕೆ ತಿರುಗಿಸಿ ಇನ್ನೊಂದು ಮೂರು ಕಿಲೋಮೀಟರ್ ಕೊರೆದು, ಮರಳು ಬೆರೆಸಿದ ನೀರನ್ನು ಭಾರೀ ಒತ್ತಡದಲ್ಲಿ ನುಗ್ಗಿಸಿ ಬಂಡೆಯನ್ನೇ ಬಿರುಕು ಬಿಡಿಸುವ ವಿಧಾನ ಕೈಗೂಡಿದ ಮೇಲೆ ಎಲ್ಲ ಬದಲಾಯಿತು. 2005ರಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಬ್ಯಾರಲ್ ತೆಗೆಯುತ್ತಿದ್ದ ರಾಜ್ಯ, 2014ರ ಕೊನೆಗೆ 12 ಲಕ್ಷ ದಾಟಿತು.

ಆ ರಾಜ್ಯದ ಎಣ್ಣೆ ಸೀಮೆಯಲ್ಲಿ ವಿಲಿಸ್ಟನ್ ಅಂತ ಒಂದು ಪುಟ್ಟ ಊರು. 2010ರ ಜನಗಣತಿಯಲ್ಲಿ 14,716 ಜನ, 2020ರಲ್ಲಿ 29 ಸಾವಿರ. ಈ ಎರಡು ಗಣತಿಗಳ ನಡುವಿನ ಭರಾಟೆಯ ವರ್ಷಗಳಲ್ಲಿ ಅಲ್ಲಿ ಮಲಗಲು ಜಾಗವೇ ಇರಲಿಲ್ಲ. ದೂರದ ರಾಜ್ಯಗಳಿಂದ ಬಂದವರು ವಾಲ್‌ಮಾರ್ಟ್ ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ತಮ್ಮ ಗಾಡಿಯೊಳಗೇ ರಾತ್ರಿ ಕಳೆಯುತ್ತಿದ್ದರು. ಕಂಪನಿಗಳು ಬಯಲಿನಲ್ಲಿ ಸಾಲುಸಾಲಾಗಿ ಡಬ್ಬದಂಥ ಕೋಣೆಗಳನ್ನಿಟ್ಟು ಗಂಡಸರ ಶಿಬಿರಗಳನ್ನೇ ಕಟ್ಟಿದವು. 2008ರ ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡವರಿಗೆ ಇದು ದೇವರೇ ತೆರೆದ ಬಾಗಿಲು. ಹಿಂದಿನ ತಿಂಗಳು ಬಡಗಿಯಾಗಿದ್ದವನು ಈ ತಿಂಗಳು ಬಾವಿ ಕೊರೆಯುವ ಯಂತ್ರದ, ಅಂದರೆ ರಿಗ್‌ನ ಮೇಲೆ ನಿಂತಿರುತ್ತಿದ್ದ.

ಇಲ್ಲಿ ಆ 17.7ರ ಬಗ್ಗೆಯೂ ಸ್ವಲ್ಪ ತಕರಾರು ತೆಗೆಯಬೇಕು. ಸಾವನ್ನು ಎಣಿಸುವುದು ಅಪಘಾತ ನಡೆದ ರಾಜ್ಯದ ಲೆಕ್ಕಕ್ಕೆ. ದುಡಿಯುವವರನ್ನು ಅವರು ದುಡಿದ ಗಂಟೆಗಳ ಲೆಕ್ಕದಲ್ಲಿ ಎಣಿಸುವುದು ಮನೆಮನೆ ಸಮೀಕ್ಷೆಯಿಂದ, ಅಂದರೆ ಕೆಲಸಗಾರ ವಾಸವಿರುವ ರಾಜ್ಯದ ಲೆಕ್ಕಕ್ಕೆ. ಟೆಕ್ಸಾಸ್‌ನಲ್ಲಿ ಮನೆ ಇರುವವನು ಡಕೋಟಾದಲ್ಲಿ ಸತ್ತರೆ ಮೇಲಿನ ಅಂಕಿ ಡಕೋಟಾದ್ದು, ಕೆಳಗಿನ ಅಂಕಿ ಟೆಕ್ಸಾಸ್‌ನದ್ದು! ಹಾಗಾಗಿ ಈ ದರ ಸ್ವಲ್ಪ ಉಬ್ಬಿರುವ ಸಾಧ್ಯತೆ ಇದೆ. ಆದರೂ ಗಣಿ ಮತ್ತು ತೈಲ ವಲಯವನ್ನಷ್ಟೇ ತೆಗೆದುಕೊಂಡರೆ 2012ರಲ್ಲಿ ಆ ರಾಜ್ಯದ ದರ ಲಕ್ಷಕ್ಕೆ 104, ಅದೇ ವಲಯದ ದೇಶದ ಸರಾಸರಿ 15.9. ಆರು ಪಟ್ಟಿಗಿಂತ ಹೆಚ್ಚಿನ ಈ ಅಂತರ ಬರೀ ಲೆಕ್ಕದ ದೋಷದಿಂದ ಬಂದಿರಲಾರದು.

ಬೆಳವಣಿಗೆ ಅಂದಮೇಲೆ ಇಷ್ಟು ಬೆಲೆ ತೆರಲೇಬೇಕು ಅಂತ ವಾದಿಸುವವರಿದ್ದಾರೆ. ನನಗೆ ಇದು ಒಪ್ಪಿಗೆಯಿಲ್ಲ. ಕಾರಣ ಅದೇ ದೇಶದ ಇನ್ನೊಂದು ಅಂಕಿ. 2003ರಿಂದ 2013ರವರೆಗೆ ಇಡೀ ಅಮೆರಿಕದ ತೈಲ ಮತ್ತು ಅನಿಲ ಉದ್ಯಮದಲ್ಲಿ ಕೆಲಸಗಾರರು ಎರಡು ಪಟ್ಟಾದರು. ಆ ಹನ್ನೊಂದು ವರ್ಷಗಳಲ್ಲಿ ಸತ್ತವರು 1,189 ಜನ. ವರ್ಷದ ಸಾವುಗಳ ಸಂಖ್ಯೆ ಶೇ 27.6ರಷ್ಟು ಹೆಚ್ಚಿತು, ಆದರೆ ಸಾವಿನ ದರ ಶೇ 36.3ರಷ್ಟು ಇಳಿಯಿತು. ದೇಶದ ಮಟ್ಟದಲ್ಲಿ ಉದ್ಯಮ ಬೆಳೆಯುತ್ತಲೇ ಒಬ್ಬೊಬ್ಬನ ತಲೆಯ ಮೇಲಿನ ಅಪಾಯ ಕಡಿಮೆಯಾಯಿತು. ಅಂದಮೇಲೆ ಡಕೋಟಾದ ದರ ಏರಿದ್ದಕ್ಕೆ ಬೆಳವಣಿಗೆಯೊಂದನ್ನೇ ಹೊಣೆ ಮಾಡಿ ಕೈತೊಳೆದುಕೊಳ್ಳುವ ಹಾಗಿಲ್ಲ. ಅಲ್ಲಿ ಕೆಲಸ ಎಷ್ಟು ಅವಸರದಲ್ಲಿ ನಡೆಯಿತು, ಯಾರ ಕೈಯಲ್ಲಿ ನಡೆಯಿತು ಅಂತ ನೋಡಬೇಕು.

ತೈಲಬಾವಿಯ ಸಾವು ಅಂದರೆ ಸಿನಿಮಾದಲ್ಲಿ ಬರುವಂಥ ಬೆಂಕಿಯ ಕಂಬ ನೆನಪಾಗುತ್ತದೆ, ಅಲ್ವಾ? ಅದೂ ಉಂಟು. ಆದರೆ ಈ ಉದ್ಯಮದಲ್ಲಿ ಅತಿ ಹೆಚ್ಚು ಜನರನ್ನು ಕೊಲ್ಲುವುದು ರಸ್ತೆ. ಒಂದು ಬಾವಿ ಕೊರೆದು ಮುಗಿಸುವಷ್ಟರಲ್ಲಿ ಸುಮಾರು 2,000 ಲಾರಿ ಟ್ರಿಪ್ ಬೇಕು ಅಂತ ಆಗ ಲೆಕ್ಕ ಹಾಕಿದ್ದರು. ನೀರು ಬರಬೇಕು, ಮರಳು ಬರಬೇಕು, ಪೈಪು ಬರಬೇಕು, ಕೊಳಕು ನೀರು ವಾಪಸ್ ಹೋಗಬೇಕು. ಗೋಧಿ ಬೆಳೆಯುವ ರೈತರ ಓಡಾಟಕ್ಕೆ ಅಂತ ಮಾಡಿದ ದ್ವಿಪಥ ರಸ್ತೆಗಳು, ಮೇಲಿಂದ ಹಿಮ, ಹನ್ನೆರಡು ಗಂಟೆ ಪಾಳಿ ಮುಗಿಸಿ ಸ್ಟೀರಿಂಗ್ ಹಿಡಿದವನ ಕಣ್ಣಲ್ಲಿ ನಿದ್ದೆ. ಇದರ ಜೊತೆಗೆ ಒಂದು ಹಳೆಯ ವಿನಾಯಿತಿ ಬೇರೆ. ತೈಲಬಾವಿಗೆಂದೇ ಮಾಡಿದ ಕೆಲವು ವಿಶೇಷ ಲಾರಿಗಳ ಚಾಲಕರು ಬಾವಿಯ ಬಳಿ ಕಾಯುವ ಹೊತ್ತನ್ನು ಡ್ಯೂಟಿ ಗಂಟೆಗೆ ಸೇರಿಸಬೇಕಾಗಿಲ್ಲ. ಲಾರಿಯಲ್ಲಿ ಕೂತು ಕಾಯುವುದನ್ನು ವಿಶ್ರಾಂತಿ ಅಂತ ಕರೆದವರು ಒಮ್ಮೆಯೂ ಹಾಗೆ ಕಾದಿರಲಿಕ್ಕಿಲ್ಲ.

ರಸ್ತೆಯ ಸಾವು ಕಣ್ಣಿಗೆ ಬೀಳುತ್ತದೆ. ಇನ್ನೊಂದು ಬಗೆಯ ಸಾವು ಬಹಳ ಕಾಲ ಯಾರ ಲೆಕ್ಕಕ್ಕೂ ಬಂದಿರಲಿಲ್ಲ.

ಬಾವಿಯಿಂದ ಬಂದ ಎಣ್ಣೆಯನ್ನು ಮೊದಲು ಅಲ್ಲೇ ಪಕ್ಕದ ಟ್ಯಾಂಕುಗಳಿಗೆ ತುಂಬುತ್ತಾರೆ. ಸುಮಾರು ಇಪ್ಪತ್ತು ಅಡಿ ಎತ್ತರದ ಉಕ್ಕಿನ ಟ್ಯಾಂಕು, ಮೇಲೆ ಹೋಗಲು ಮೆಟ್ಟಿಲು, ಮೇಲುಗಡೆ ಒಂದು ಸಣ್ಣ ಮುಚ್ಚಳ. ಎಣ್ಣೆ ಎಷ್ಟಿದೆ ಅಂತ ತಿಳಿಯಲು ಕೆಲಸಗಾರ ಹತ್ತಿ ಹೋಗಿ, ಆ ಮುಚ್ಚಳ ತೆಗೆದು, ತುದಿಯಲ್ಲಿ ಹಿತ್ತಾಳೆ ಗುಂಡು ಕಟ್ಟಿದ ಟೇಪನ್ನು ಒಳಗಿಳಿಸಿ, ಎಣ್ಣೆ ಅಂಟಿದ ಗುರುತು ನೋಡಿ ಬರೆದುಕೊಳ್ಳಬೇಕು. ಮಾದರಿಗೆ ಸ್ವಲ್ಪ ಎಣ್ಣೆಯನ್ನೂ ಮೇಲೆತ್ತಬೇಕು. ಕೆಲವು ನಿಮಿಷಗಳ ಕೆಲಸ. ಹೆಚ್ಚಾಗಿ ಒಬ್ಬನೇ ಮಾಡುತ್ತಾನೆ, ರಾತ್ರಿ ಪಾಳಿಯಲ್ಲೂ ಮಾಡುತ್ತಾನೆ.

ಮುಚ್ಚಳದ ಕೆಳಗೆ ಏನಿದೆ ನೋಡಿ. ನೆಲದಾಳದಲ್ಲಿ ಒತ್ತಡಕ್ಕೆ ಸಿಕ್ಕಿ ಪ್ರೋಪೇನ್, ಬ್ಯೂಟೇನ್‌ನಂಥ ಅನಿಲಗಳು ಎಣ್ಣೆಯಲ್ಲೇ ಕರಗಿರುತ್ತವೆ. ಮೇಲೆ ಬಂದ ಎಣ್ಣೆಗೆ ಒತ್ತಡ ತಪ್ಪುತ್ತದೆ, ಗೋಲಿ ಸೋಡಾ ಒಡೆದಾಗ ಗುಳ್ಳೆ ಏಳುವಂತೆ ಅನಿಲ ಹೊರಬರುತ್ತದೆ. ಬೇರ್ಪಡಿಸುವ ಯಂತ್ರ ಒಂದಷ್ಟನ್ನು ತೆಗೆದರೂ ಉಳಿದದ್ದು ಟ್ಯಾಂಕಿನ ಮೇಲ್ಭಾಗದಲ್ಲಿ ಸೇರಿಕೊಂಡಿರುತ್ತದೆ. ಮುಚ್ಚಳ ತೆಗೆದ ತಕ್ಷಣ ಅದು ಬಗ್ಗಿ ನೋಡುತ್ತಿರುವವನ ಮುಖಕ್ಕೇ ನುಗ್ಗುತ್ತದೆ. ಆ ಒಂದೆರಡು ಉಸಿರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಹೈಡ್ರೋಕಾರ್ಬನ್ ಆವಿ ತೀರಾ ಜಾಸ್ತಿ. ತಲೆ ತಿರುಗುತ್ತದೆ, ಪ್ರಜ್ಞೆ ತಪ್ಪಬಹುದು. ಅದಕ್ಕಿಂತ ಕೆಟ್ಟದ್ದೆಂದರೆ ಈ ಆವಿ ಹೃದಯದ ಬಡಿತದ ತಾಳವನ್ನೇ ಕೆಡಿಸಬಲ್ಲದು.

ಅಲ್ಲಿಗೆ ಆ ಸಾವು ಕಡತದಲ್ಲಿ ಹೃದಯಾಘಾತ ಆಗುತ್ತದೆ. ಸ್ವಲ್ಪ ದಪ್ಪಗಿದ್ದ, ಸಿಗರೇಟು ಸೇದುತ್ತಿದ್ದ ಅನ್ನುವ ವಿವರ ಸೇರಿಕೊಂಡರಂತೂ ಮುಗಿದೇಹೋಯಿತು, ಮುಂದಿನ ಪ್ರಶ್ನೆ ಯಾರೂ ಕೇಳುವುದಿಲ್ಲ. ಅನೇಕರ ಬಳಿ ಇದ್ದ ಸಣ್ಣ ಎಚ್ಚರಿಕೆ ಯಂತ್ರ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲಕ್ಕೆ ಮಾತ್ರ ಬಡಿದುಕೊಳ್ಳುವಂಥದ್ದು. ಬ್ಯೂಟೇನ್ ಬಂದರೆ ಅದು ಸುಮ್ನೆ ಇರುತ್ತದೆ. ಕೆಲಸದ ಜಾಗದ ಸುರಕ್ಷತೆಯನ್ನು ಅಧ್ಯಯನ ಮಾಡುವ ಅಮೆರಿಕದ ಸರ್ಕಾರಿ ಸಂಸ್ಥೆ ನಿಯೋಶ್ ಬಿಡಿಬಿಡಿಯಾಗಿದ್ದ ಇಂಥ ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಿತು. 2010ರಿಂದ 2014ರವರೆಗೆ ಹೀಗೆ ಟ್ಯಾಂಕಿನ ಮುಚ್ಚಳದ ಬಳಿ ಒಂಬತ್ತು ಕೆಲಸಗಾರರು ಸತ್ತಿದ್ದರು, ನಾರ್ತ್ ಡಕೋಟಾದ ಸಾವುಗಳೂ ಅದರಲ್ಲಿದ್ದವು. ಒಂದೊಂದಾಗಿ ನೋಡಿದಾಗ ವಿಧಿ ಅನ್ನಿಸಿದ್ದು, ಪಕ್ಕಪಕ್ಕ ಇಟ್ಟಾಗ ಕಾರಣವಾಗಿ ಕಂಡಿತು. ವಿಜ್ಞಾನದ ಎಷ್ಟೋ ಕೆಲಸ ಹೀಗೆ ಕಡತ ಜೋಡಿಸುವುದರಲ್ಲೇ ಇದೆ, ಪ್ರಯೋಗಾಲಯದ ಬಿಳಿ ಕೋಟೂ ಬೇಕಾಗುವುದಿಲ್ಲ.

ಎಣ್ಣೆಯಲ್ಲಿ ಉಳಿದ ಈ ಅನಿಲ ರಾಜ್ಯದ ಗಡಿಯನ್ನೂ ದಾಟಿತು. ಬಾವಿ ಕೊರೆದಷ್ಟು ಬೇಗ ಪೈಪ್‌ಲೈನ್ ಹಾಕಲಾಗಲಿಲ್ಲ, ಎಣ್ಣೆಯನ್ನು ರೈಲಿಗೇರಿಸಿದರು. 2013ರ ಜುಲೈ 6ರ ನಸುಕಿನಲ್ಲಿ ಬಾಕನ್ ಎಣ್ಣೆ ತುಂಬಿದ 72 ಟ್ಯಾಂಕರ್ ಬೋಗಿಗಳ ರೈಲೊಂದು, ನಿಲ್ಲಿಸಿದ್ದ ಜಾಗದಿಂದ ತಾನಾಗಿ ಇಳಿಜಾರಿನಲ್ಲಿ ಉರುಳಿ, ಕೆನಡಾದ ಲಾಕ್ ಮೆಗಾಂಟಿಕ್ ಪಟ್ಟಣದ ನಡುಮಧ್ಯೆ ಹಳಿ ತಪ್ಪಿ ಹೊತ್ತಿ ಉರಿಯಿತು. 47 ಜನ ಸತ್ತರು. ಎಣ್ಣೆಯನ್ನು ಅದರ ನಿಜವಾದ ಗುಣಕ್ಕಿಂತ ಕಡಿಮೆ ಅಪಾಯದ ವರ್ಗಕ್ಕೆ ಸೇರಿಸಿ ಕಳಿಸಲಾಗಿತ್ತು ಅಂತ ತನಿಖೆಯಲ್ಲಿ ಹೊರಬಿತ್ತು. ಆಮೇಲೆ ನಾರ್ತ್ ಡಕೋಟಾ ಸರ್ಕಾರ ಒಂದು ಮಿತಿ ಹಾಕಿತು: 2015ರ ಏಪ್ರಿಲ್‌ನಿಂದ ಸಾಗಿಸುವ ಎಣ್ಣೆಯ ಆವಿಯ ಒತ್ತಡ (ಎಣ್ಣೆಯಲ್ಲಿ ಅನಿಲ ಹೆಚ್ಚು ಉಳಿದಷ್ಟೂ ಇದು ಹೆಚ್ಚು) 13.7 ಪಿಎಸ್‌ಐ, ಅಂದರೆ ಚದರ ಇಂಚಿಗೆ 13.7 ಪೌಂಡ್ ಮೀರುವಂತಿಲ್ಲ.

ಅಷ್ಟರಲ್ಲಿ ಮಾರುಕಟ್ಟೆಯೇ ಬಿದ್ದುಹೋಗಿತ್ತು. 2014ರ ನಡುವಿನಲ್ಲಿ 100 ಡಾಲರ್ ಮೇಲಿದ್ದ ಬ್ಯಾರಲ್ ಬೆಲೆ 2016ರ ಆರಂಭಕ್ಕೆ 30ಕ್ಕಿಂತ ಕೆಳಗಿಳಿಯಿತು. ರಾಜ್ಯದಲ್ಲಿ 218ರ ತನಕ ಹೋಗಿದ್ದ ರಿಗ್‌ಗಳ ಸಂಖ್ಯೆ 27ಕ್ಕೆ ಬಂತು. ಆ ವರ್ಷ ಸಾವಿನ ದರ ಮತ್ತೆ 2007ರ ಅದೇ 7ಕ್ಕೆ ಇಳಿದಿತ್ತು. ಕುತೂಹಲದ ಸಂಗತಿ ಏನೆಂದರೆ, 2019ರಲ್ಲಿ ಉತ್ಪಾದನೆ ಹೊಸ ದಾಖಲೆಯ 15 ಲಕ್ಷ ಬ್ಯಾರಲ್ ಮುಟ್ಟಿತು, ಸಾವಿನ ದರ ಮಾತ್ರ 10ರ ಆಸುಪಾಸಿನಲ್ಲೇ ಉಳಿಯಿತು, 2012ರ ಮಟ್ಟಕ್ಕೆ ಹೋಗಲೇ ಇಲ್ಲ. ಎಣ್ಣೆ ಜಾಸ್ತಿ, ರಿಗ್ ಕಡಿಮೆ, ಊರಿಗೆ ಹೊಸದಾಗಿ ಬಂದು ಗಡಿಬಿಡಿಯಲ್ಲಿ ಕೆಲಸ ಹಿಡಿಯುವವರೂ ಕಡಿಮೆ. ಇಷ್ಟರಿಂದಲೇ ಕಾರಣ ಸಾಬೀತಾಯಿತು ಅನ್ನಲಾರೆ, ಆದರೆ ಅನುಮಾನ ಯಾವ ಕಡೆ ತಿರುಗಬೇಕು ಅನ್ನುವುದಕ್ಕೆ ಇದು ಸಾಕು.

ಟ್ಯಾಂಕಿನ ಮುಚ್ಚಳದ ಕಥೆ ಏನಾಯಿತು? ಮುಚ್ಚಳ ತೆಗೆಯದೆ ಕೆಳಗಿನಿಂದಲೇ ಎಣ್ಣೆ ಅಳೆಯುವ ಉಪಕರಣಗಳು ಆಗಲೇ ಇದ್ದವು. ಆದರೆ ಮಾರಾಟದ ಲೆಕ್ಕಕ್ಕೆ ಟ್ಯಾಂಕಿನಲ್ಲಿ ಅಳೆಯುವುದಾದರೆ ಕೈಯಿಂದಲೇ ಅಳೆಯಬೇಕು ಅಂತ ಕೇಂದ್ರ ಸರ್ಕಾರದ ಜಮೀನುಗಳಿಗೆ 1989ರಲ್ಲಿ ಮಾಡಿದ ನಿಯಮ ಇತ್ತು, ಸರ್ಕಾರಕ್ಕೆ ಬರಬೇಕಾದ ರಾಯಧನ ಒಂದು ಹನಿಯೂ ತಪ್ಪಬಾರದಲ್ಲ! ಅಪಾಯದ ಬಗ್ಗೆ ನಿಯೋಶ್ ಮತ್ತು ಅಲ್ಲಿನ ಕಾರ್ಮಿಕ ಸುರಕ್ಷತಾ ಇಲಾಖೆಯ ಜಂಟಿ ಎಚ್ಚರಿಕೆ ಹೊರಬಿದ್ದದ್ದು 2016ರಲ್ಲಿ. ಬೇರೆ ವಿಧಾನದಲ್ಲೂ ಅಳೆಯಬಹುದು ಅನ್ನುವ ಹೊಸ ನಿಯಮ ಪ್ರಕಟವಾದದ್ದು ಅದೇ ವರ್ಷದ ನವೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಟ್ಯಾಂಕ್ ಹತ್ತಲು ಬಂದಿದ್ದ ಹುಡುಗರಲ್ಲಿ ಎಷ್ಟೋ ಜನ ಶಿಬಿರ ಖಾಲಿ ಮಾಡಿ ತಮ್ಮ ತಮ್ಮ ಊರಿಗೆ ಹೋಗಿಯಾಗಿತ್ತು.