ಪೋಲ್ ಮೇಲೆ ಕೈ ಯಾಕೆ ಜಾರುತ್ತದೆ?

ಹೊಸದಾಗಿ ಪೋಲ್ ಡಾನ್ಸ್ (ನೆಟ್ಟಗೆ ನಿಲ್ಲಿಸಿದ ಲೋಹದ ಕಂಬ ಹಿಡಿದು ಮಾಡುವ ನೃತ್ಯ) ಕಲಿಯಲು ಬರುವವರು ಮೂರನೇ ವಾರಕ್ಕೆ ಸರಿಯಾಗಿ ಒಂದು ಮಾತು ಹೇಳುತ್ತಾರೆ. "ಮೇಡಂ, ನನ್ನ ಕೈಯಲ್ಲಿ ಶಕ್ತಿನೇ ಇಲ್ಲ." ಹೋದ ವರ್ಷ ಒಬ್ಬಳು ಅಂಗೈಯಲ್ಲಿ ಹಿಸುಕುವ ಸ್ಪ್ರಿಂಗ್ ಕೊಂಡುಕೊಂಡು, ಆಫೀಸ್ ಕ್ಯಾಬ್‌ನಲ್ಲಿ ಸಿಲ್ಕ್ ಬೋರ್ಡ್ ದಾಟುವವರೆಗೂ ಅದನ್ನೇ ಹಿಸುಕುತ್ತಾ ಕೂತಿರುತ್ತೇನೆ ಅಂದಳು. ಸಿಲ್ಕ್ ಬೋರ್ಡ್ ಅಂದಮೇಲೆ ಎಷ್ಟು ಹೊತ್ತು ಹಿಸುಕಿರಬಹುದು, ನೀವೇ ಲೆಕ್ಕ ಹಾಕಿ. ಮುಂಗೈ ಗಟ್ಟಿಯಾಯಿತು. ಪೋಲ್ ಮೇಲೆ ಮಾತ್ರ ಮೊದಲಿನ ಹಾಗೇ ಜಾರುತ್ತಿದ್ದಳು.

ಅವಳನ್ನು ಕೆಳಗೆ ನಿಲ್ಲಿಸಿ ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ನೀವೂ ಮಾಡಿ ನೋಡಿ. ಮಣಿಕಟ್ಟನ್ನು ಪೂರ್ತಿ ಒಳಕ್ಕೆ ಬಗ್ಗಿಸಿ, ಹಾಗೇ ಇಟ್ಟುಕೊಂಡು ಮುಷ್ಟಿ ಬಿಗಿ ಮಾಡಿ. ಆಗುವುದಿಲ್ಲ, ಅಲ್ವಾ? ಬೆರಳು ಅರ್ಧಕ್ಕೇ ನಿಂತುಬಿಡುತ್ತವೆ. ಈಗ ಮಣಿಕಟ್ಟನ್ನು ನೇರಕ್ಕಿಂತ ಸ್ವಲ್ಪ ಹಿಂದಕ್ಕೆ ಎತ್ತಿ ಮತ್ತೆ ಮುಷ್ಟಿ ಮಾಡಿ. ಕೈ ಅದೇ, ಬಿಗಿ ಬೇರೆ. ಬೆರಳು ಮಡಿಸುವ ದೊಡ್ಡ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅವು ಹುರಿಗಳ ಹಾಗೆ ಮಣಿಕಟ್ಟು ದಾಟಿ ಬೆರಳಿಗೆ ಬರುತ್ತವೆ. ಮಣಿಕಟ್ಟು ಒಳಕ್ಕೆ ಮಡಚಿತೋ, ಹುರಿ ಸಡಿಲ. ಸುಸ್ತಾದಾಗ ಎಲ್ಲರ ಮಣಿಕಟ್ಟೂ ಒಳಕ್ಕೇ ಮಡಚುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗದೇ ಇರುವುದೇ ಇಲ್ಲಿಯ ತೊಂದರೆ.

ಇನ್ನು ಹೆಗಲು. ಸುಮ್ನೆ ಜೋತುಬಿದ್ದಾಗ ಹೆಗಲು ಕಿವಿಗೆ ತಾಗುತ್ತದೆ, ಇಡೀ ಮೈಯ ಭಾರ ಬೆರಳಿಗೆ ಮತ್ತು ಕೀಲುಗಳಿಗೆ ಬೀಳುತ್ತದೆ. ಮೊಣಕೈ ಮಡಿಸದೆ, ಬೆನ್ನಿನ ರೆಕ್ಕೆ ಮೂಳೆಗಳನ್ನು ಕೆಳಕ್ಕೆ ಎಳೆದುಕೊಂಡರೆ ಕುತ್ತಿಗೆ ಉದ್ದವಾಗುತ್ತದೆ, ಮೈ ಎರಡು ಇಂಚು ಮೇಲೆ ಬಂದ ಹಾಗೆ ಅನಿಸುತ್ತದೆ. ಕೈ ಸ್ವಲ್ಪ ನಿರಾಳ. ನನ್ನ ಕ್ಲಾಸಿನಲ್ಲಿ ಮೊದಲ ಎರಡು ವಾರ ಇದೇ ಕೆಲಸ: ಹೆಗಲು ಕೆಳಗೆ, ಐದು ಎಣಿಸು, ಬಿಡು. ಬೇಜಾರಾಗಿ ಕೆಲವರು ಬಿಟ್ಟು ಹೋಗುತ್ತಾರೆ. ಹೋಗಲಿ.

ಬೆವರಿನ ವಿಷಯಕ್ಕೆ ಬರೋಣ, ಜಾಸ್ತಿ ಪ್ರಶ್ನೆ ಬರುವುದು ಇದರ ಬಗ್ಗೆಯೇ. ಅಂಗೈ ಬೆವರುವುದು ಸೆಕೆಗಿಂತ ಹೆಚ್ಚಾಗಿ ಭಯಕ್ಕೆ. ಪರೀಕ್ಷೆ ಹಾಲ್‌ನಲ್ಲಿ ಪೆನ್ನು ಒದ್ದೆಯಾಗುತ್ತಿತ್ತಲ್ಲ, ಅದೇ ಬೆವರು. ಹಾಗಾಗಿ ನೆಲದ ಹತ್ತಿರ ಒಣಗಿದ್ದ ಕೈ, ಮೊದಲ ಸಲ ತಲೆಕೆಳಗಾಗುವಾಗ ಒದ್ದೆಯಾಗುತ್ತದೆ. ಲಿಕ್ವಿಡ್ ಚಾಕ್ (ಕೈ ಒಣಗಿಸಲು ಹಚ್ಚುವ ದ್ರವ) ಹಚ್ಚಿ, ತಪ್ಪಲ್ಲ, ಆದರೆ ಅದು ಬೆವರುವ ಕೈಗೆ ಮಾತ್ರ. ತೀರಾ ಒಣಗಿದ ಚರ್ಮವೂ ಜಾರುತ್ತದೆ, ಒಂಚೂರು ತೇವ ಇದ್ದರೇ ಅಂಟುವುದು. ಜನವರಿಯ ಬೆಂಗಳೂರಲ್ಲಿ ಬಿರುಕು ಬಿಟ್ಟ ಅಂಗೈಗೆ ಚಾಕ್ ಮೆತ್ತಿಕೊಂಡು "ಇನ್ನೂ ಜಾರ್ತಿದೆ ಮೇಡಂ" ಅನ್ನುವವರಿಗೆ ನಾನು ಕೈ ತೊಳೆದು ಒರೆಸಿಕೊಂಡು ಬಾ ಅನ್ನುತ್ತೇನೆ. ಪೋಲ್ ಕೂಡ ತಣ್ಣಗಿದ್ದರೆ ಹಿಡಿತ ಸಿಗುವುದಿಲ್ಲ, ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಆಗಾಗ ಒರೆಸಿ. ಈಗ ಜಾಸ್ತಿ ಸಿಗುವುದು 45 ಮಿಲಿಮೀಟರ್ ದಪ್ಪದ ಪೋಲ್. 50ರದ್ದು ಸಣ್ಣ ಕೈಯವರಿಗೆ ಕಷ್ಟ. ಮತ್ತೆ ದಯವಿಟ್ಟು, ಭಾನುವಾರ ಎಣ್ಣೆ ಸ್ನಾನ ಮಾಡಿ ಸಂಜೆ ಕ್ಲಾಸಿಗೆ ಬರಬೇಡಿ. ನೀವು ಒಬ್ಬರು ಹತ್ತಿ ಇಳಿದರೆ ನಿಮ್ಮ ಹಿಂದೆ ಬರುವ ನಾಲ್ಕು ಜನ ಜಾರುತ್ತಾರೆ.

ಎಣ್ಣೆ ಅಂದಾಗ ಮಲ್ಲಕಂಬ ನೆನಪಾಗುತ್ತದೆ. ಉತ್ತರ ಕರ್ನಾಟಕದ ಕಡೆ ನೋಡಿರುತ್ತೀರಿ. ಅಲ್ಲಿ ಮರದ ಕಂಬಕ್ಕೆ ಬೇಕೆಂದೇ ಹರಳೆಣ್ಣೆ ಹಚ್ಚುತ್ತಾರೆ, ಉಜ್ಜಾಟ ಕಡಿಮೆಯಾಗಲಿ ಅಂತ. ಅಷ್ಟು ನುಣುಪು ಕಂಬದ ಮೇಲೂ ಹುಡುಗರು ಕೈಬಿಟ್ಟು ನಿಲ್ಲುತ್ತಾರೆ. ಹೇಗೆ? ತೊಡೆ, ಕಂಕುಳು, ಕಾಲ್ಬೆರಳ ಸಂದಿ, ಎಲ್ಲವೂ ಕಂಬ ಹಿಡಿದಿರುತ್ತವೆ. ಪೋಲ್‌ನಲ್ಲೂ ಲೆಕ್ಕ ಇದೇ. ಒಳತೊಡೆ, ಮೊಣಕಾಲಿನ ಹಿಂಭಾಗ, ಸೊಂಟದ ಪಕ್ಕ, ಇವೆಲ್ಲ ಹಿಡಿತವೇ. ಚಿಕ್ಕ ಚಡ್ಡಿ ಹಾಕುವುದೂ ಅದಕ್ಕೇ, ಬಟ್ಟೆ ಜಾರುತ್ತದೆ, ಚರ್ಮ ಹಿಡಿಯುತ್ತದೆ. (ಇದನ್ನು ಹತ್ತು ವರ್ಷದಿಂದ ನೆಂಟರಿಗೆ ವಿವರಿಸುತ್ತಿದ್ದೇನೆ.)

ಸ್ಪ್ರಿಂಗ್ ಹುಡುಗಿಯ ತೊಂದರೆ ಕೊನೆಗೂ ಸಿಕ್ಕಿದ್ದು ಇಲ್ಲೇ. ಪೋಲ್ ಮೇಲೆ ಕೂತಾಗ, ಅಂದರೆ ತೊಡೆಗಳ ನಡುವೆ ಪೋಲ್ ಬಿಗಿದು ಮೇಲೆ ಕೂತಾಗ, ಅವಳ ತೊಡೆ ಹಿಡಿದಿದೆಯೋ ಇಲ್ಲವೋ ಅವಳಿಗೇ ಗೊತ್ತಾಗುತ್ತಿರಲಿಲ್ಲ. ಗೊತ್ತಿಲ್ಲದ ಮೇಲೆ ನಂಬುವುದು ಹೇಗೆ? ಎಲ್ಲ ಭಾರವನ್ನೂ ಕೈಗೆ ಹಾಕಿ, ಜೀವ ಹೋಗುವ ಹಾಗೆ ಹಿಸುಕುತ್ತಿದ್ದಳು. ಅಷ್ಟು ಬಿಗಿಯಾಗಿ ಹಿಸುಕಿದರೆ ಮುಂಗೈಗೆ ರಕ್ತ ಸರಿಯಾಗಿ ಓಡಾಡುವುದಿಲ್ಲ, ಸ್ವಲ್ಪ ಹೊತ್ತಿಗೇ ಕಲ್ಲಿನ ಹಾಗಾಗಿ ಬೆರಳು ತಾನಾಗಿ ಬಿಚ್ಚಿಕೊಳ್ಳುತ್ತವೆ.

ಕಣ್ಣು ಮುಚ್ಚಿ ಮೂಗು ಮುಟ್ಟಲು ನಮಗೆ ಆಗುತ್ತದೆ, ಯಾಕೆಂದರೆ ಸ್ನಾಯು, ಕೀಲುಗಳಿಂದ ಮಿದುಳಿಗೆ ಸದಾ ಸುದ್ದಿ ಹೋಗುತ್ತಿರುತ್ತದೆ. ತಲೆಕೆಳಗಾದಾಗ ಆ ಸುದ್ದಿ ಗೋಜಲಾಗುತ್ತದೆ. "ಬಲಗಾಲು" ಅಂದರೆ ಎಡಗಾಲು ಬರುತ್ತದೆ. ಅದಕ್ಕೇ ನಾನು ಎಡ ಬಲ ಹೇಳುವುದು ಬಿಟ್ಟು ಪೋಲ್ ಹತ್ತಿರದ್ದು ಒಳಗಾಲು, ದೂರದ್ದು ಹೊರಗಾಲು ಅನ್ನುತ್ತೇನೆ. ಅವಳಿಗೆ ಮಾಡಿಸಿದ್ದೂ ಸರಳ. ನೆಲದಿಂದ ಒಂದಡಿ ಎತ್ತರದಲ್ಲಿ, ಕೆಳಗೆ ದಪ್ಪ ಮ್ಯಾಟ್ ಹಾಕಿ, ಪಕ್ಕದಲ್ಲಿ ನಾನು ನಿಂತು: ಪೋಲ್ ಮೇಲೆ ಕೂರು, ಕಣ್ಣು ಮುಚ್ಚು, ಎಲ್ಲೆಲ್ಲಿ ತಾಗಿದೆ ಜೋರಾಗಿ ಹೇಳು. "ಎಡ ತೊಡೆ... ಮೊಣಕಾಲು... ಬಲ ತೊಡೆ ಇಲ್ಲ ಮೇಡಂ." ಹಾಂ, ಬಲ ತೊಡೆ ಒತ್ತು. ಈಗ ಒಂದು ಬೆರಳು ಸಡಿಲ ಮಾಡು. ಇನ್ನೊಂದು. ಬೀಳಲಿಲ್ಲ. ಆ ದಿನ ಅವಳ ಮುಖ ನೋಡಬೇಕಿತ್ತು. ಕನ್ನಡಿಗೂ ಬೆನ್ನು ಹಾಕಿಸಿದೆ. ಕನ್ನಡಿ ಇದ್ದರೆ ಕಣ್ಣೇ ಎಲ್ಲ ಕೆಲಸ ಮಾಡುತ್ತದೆ, ಮೈ ಏನೂ ಕಲಿಯುವುದಿಲ್ಲ. ಅದರ ಬದಲು ಫೋನಿನಲ್ಲಿ ವಿಡಿಯೋ ಮಾಡಿ, ನೋಡುವ ಮೊದಲು "ನನ್ನ ಕಾಲು ನೇರ ಇತ್ತಾ?" ಅಂತ ಊಹಿಸಿ, ಆಮೇಲೆ ನೋಡುವುದು.

ಎರಡೂ ಕಡೆ ಅಭ್ಯಾಸ ಮಾಡಿ. ಇದನ್ನು ನಾನೇ ಪಾಲಿಸದೆ ಬಲ ಮೊಣಕೈ ಹೊರಭಾಗದ ನೋವು ತಂದುಕೊಂಡಿದ್ದೆ, ದೋಸೆ ಹಂಚು ಎತ್ತಲೂ ಆಗುತ್ತಿರಲಿಲ್ಲ. ಮುಷ್ಟಿ ಹಿಡಿಯುವಾಗಲೆಲ್ಲ ಮಣಿಕಟ್ಟನ್ನು ನಿಲ್ಲಿಸಲು ಮುಂಗೈ ಹಿಂಭಾಗದ ಸ್ನಾಯುಗಳೂ ದುಡಿಯುತ್ತವೆ, ಅವನ್ನು ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ಅಕ್ಕಿ ಡಬ್ಬಿ ಒಳ್ಳೆಯದು. ಕೈ ಒಳಗೆ ಹಾಕಿ ಬೆರಳು ಅಗಲಿಸಿ, ಮುಚ್ಚಿ, ಮತ್ತೆ ಅಗಲಿಸಿ. ಮನೆಯವರು ಬೈದರೆ ಬೇರೆ ಡಬ್ಬಿ ಇಟ್ಟುಕೊಳ್ಳಿ. ಬೆರಳು ಜೋಮು ಹಿಡಿಯುತ್ತಿದ್ದರೆ ಮಾತ್ರ ವ್ಯಾಯಾಮ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಅಂಗೈ ಜಡ್ಡುಗಟ್ಟುತ್ತದೆ, ಅದು ಸಹಜ. ಅಂಚು ಎದ್ದು ಕಿತ್ತುಬರುವ ಮೊದಲು ಸ್ನಾನದ ನಂತರ ಕಲ್ಲಿನಲ್ಲಿ ಮೆಲ್ಲಗೆ ಉಜ್ಜಿ, ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಮರುದಿನ ಕ್ಲಾಸ್ ಇಲ್ಲದಿದ್ದರೆ ಮಾತ್ರ.