ಕುದುರೆಯ ಕಿವಿನೋವು ಮತ್ತು ನಾಲಿಗೆಯ ಮೂಳೆ

ಲಗಾಮು ಹಾಕಲು ಕೈ ಎತ್ತಿದರೆ ಸಾಕು, ಕುದುರೆ ತಲೆ ಮೇಲಕ್ಕೆ ಎಳೆದುಕೊಳ್ಳುತ್ತದೆ. ಓಡುವಾಗ ತಲೆ ಒದರುತ್ತದೆ. ಮೇವು ಅಗಿಯುತ್ತಾ ಇದ್ದದ್ದು ನಡುವೆ ನಿಲ್ಲಿಸಿಬಿಡುತ್ತದೆ. ಇವೆಲ್ಲ ಕಿವಿನೋವಿನ ಗುರುತಾಗಿರಬಹುದು. ‘ಇದಕ್ಕೆ ಹಟ ಜಾಸ್ತಿ’ ಎಂದು ಹೊಡೆಯುವವರಿದ್ದಾರೆ. ಕಿವಿಗೆ ಎಣ್ಣೆ ಬಿಡುವವರೂ ಇದ್ದಾರೆ. ಎರಡನ್ನೂ ಕಂಡರೆ ನನಗೆ ಸಂಕಟವಾಗುತ್ತದೆ.

ಹೊರಕಿವಿಯ ತೊಂದರೆ ಸುಲಭವಾಗಿ ಕಾಣುತ್ತದೆ: ಉಣ್ಣೆಹುಳು, ನುಸಿ, ಕೀವು, ಕೆಟ್ಟ ವಾಸನೆ. ಕಿವಿಯೊಳಗಿನ ಬಿಳಿ ಹಕ್ಕಳೆ ಮಾತ್ರ ಬೇರೆಯೇ. ಅದು ವೈರಸ್‌ನಿಂದ ಬರುತ್ತದೆ. ನೊಣಗಳನ್ನು ದೂರವಿಡಿ, ಸುಮ್ನೆ ಕೆರೆಯಬೇಡಿ.

ನಿಜವಾದ ಅಪಾಯ ಇರುವುದು ನಡುಗಿವಿಯಲ್ಲಿ. ಕುದುರೆಯ ನಾಲಿಗೆಯನ್ನು ಹಿಡಿದಿರುವ ಮೂಳೆಗಳ ಸಾಲು ಗಂಟಲ ಪಕ್ಕದಿಂದ ಮೇಲೇರಿ, ನಡುಗಿವಿಯ ಬಳಿಯೇ ತಲೆಬುರುಡೆಗೆ ಕೀಲಾಗಿ ಸೇರುತ್ತದೆ. ಕುದುರೆ ನುಂಗಿದಾಗಲೆಲ್ಲ ಈ ಕೀಲು ಅಲುಗುತ್ತದೆ. ನಡುಗಿವಿಯ ಸೋಂಕು ಇಲ್ಲಿಗೆ ಹಬ್ಬಿದರೆ ಕೀಲಿನ ಸುತ್ತ ಹೊಸ ಮೂಳೆ ಬೆಳೆದು ಎರಡೂ ಬೆಸೆದುಕೊಳ್ಳಬಹುದು. ವಯಸ್ಸಿನ ಸವೆತದಿಂದಲೂ ಹೀಗಾಗುವುದುಂಟು. ತಿರುಗಣಿ ತುಕ್ಕು ಹಿಡಿದ ಬಾಗಿಲನ್ನು ಜೋರಾಗಿ ತಳ್ಳಿದರೆ ಚೌಕಟ್ಟೇ ಸೀಳುತ್ತದೆ, ಅಲ್ವಾ? ಹುಟ್ಟನ್ನು ದೋಣಿಯ ಅಂಚಿಗೆ ಮೊಳೆ ಹೊಡೆದು ಬಿಗಿದು ಮೀಟಿದ ಹಾಗೆ. ಕೀಲು ಬಾಗದು, ಬುರುಡೆ ಬಿರಿಯುತ್ತದೆ. ಹಲ್ಲು ನೋಡಲು ನಾಲಿಗೆ ಎಳೆದಷ್ಟಕ್ಕೇ ಮೂಳೆ ಮುರಿದದ್ದುಂಟು.

ಪಕ್ಕದಲ್ಲೇ ಮುಖದ ನರವೂ ಸಮತೋಲನದ ನರವೂ ಹಾದುಹೋಗುತ್ತವೆ. ಅವಕ್ಕೆ ಪೆಟ್ಟಾದರೆ ಒಂದು ಕಿವಿ ಜೋತುಬೀಳುತ್ತದೆ, ತುಟಿ ಇನ್ನೊಂದು ಬದಿಗೆ ವಾಲುತ್ತದೆ, ತಲೆ ಓರೆಯಾಗುತ್ತದೆ. ಕುದುರೆಯ ಎದುರು ನಿಂತು ಎರಡು ಕಣ್ಣನ್ನೂ ಹೋಲಿಸಿ. ಒಂದು ರೆಪ್ಪೆ ಪೂರ್ತಿ ಮುಚ್ಚುತ್ತಿಲ್ಲವೇ? ಆಗ ಪಶುವೈದ್ಯರನ್ನು ಕರೆಸಲು ಒಂದು ದಿನವೂ ಕಾಯಬೇಡಿ.

ಪಶುವೈದ್ಯರು ಈ ಮೂಳೆಯನ್ನು ನೋಡುವ ದಾರಿ ಮೂಗಿನಿಂದ! ಕಿವಿಯನ್ನು ಗಂಟಲಿಗೆ ಸೇರಿಸುವ ನಳಿಕೆಗೆ 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಯೂಸ್ಟೇಕಿಯೊ ಅವರ ಹೆಸರಿದೆ. ನಮ್ಮಲ್ಲಿ ಅದು ಸಣ್ಣ ಕೊಳವೆ. ಕುದುರೆಯಲ್ಲಿ ಅದೇ ನಳಿಕೆ ಉಬ್ಬಿ, ಪ್ರತಿ ಬದಿಗೂ ಸುಮಾರು 300ರಿಂದ 500 ಮಿಲಿಲೀಟರ್ ಹಿಡಿಯುವ ಗಾಳಿಚೀಲವಾಗಿದೆ. ನಾಲಿಗೆಯ ಮೂಳೆ ಆ ಚೀಲದ ನಡುವೆಯೇ ಹಾದುಹೋಗುತ್ತದೆ. ತುದಿಯಲ್ಲಿ ಕ್ಯಾಮೆರಾ ಇರುವ ತೆಳು ಕೊಳವೆಯನ್ನು (ಎಂಡೋಸ್ಕೋಪ್) ಒಳಗೆ ಬಿಟ್ಟರೆ ಮೂಳೆ ದಪ್ಪಗಾಗಿರುವುದು ನೇರವಾಗಿ ಕಾಣುತ್ತದೆ.

ಆದರೆ ಕಿವಿಗೆ ಮದ್ದು ಹಾಕಲು ಆತುರ ಸಲ್ಲದು. ಮಂಪರು ಮದ್ದು ಕೊಟ್ಟು, ಮೊದಲು ಕಿವಿಯ ತಮಟೆ ಹರಿದಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಹರಿದಿದ್ದರೆ ಕೆಲವು ಕಿವಿಹನಿಗಳೇ ಕಿವುಡು ತರುತ್ತವೆ. ಕೀವಿನ ಪರೀಕ್ಷೆ ಮಾಡಿ ಆರಿಸಿದ ಆಂಟಿಬಯೋಟಿಕ್ ಅನ್ನು ವಾರಗಟ್ಟಲೆ ಕೊಡಬೇಕಾಗುತ್ತದೆ. ಕೀಲು ಬೆಸೆದಿದ್ದರೆ ಶಸ್ತ್ರಚಿಕಿತ್ಸೆಯಲ್ಲಿ ಆ ಸಾಲಿನ ಒಂದು ಚಿಕ್ಕ ಮೂಳೆ ತೆಗೆದು ನಾಲಿಗೆಯ ಎಳೆತವನ್ನು ಬುರುಡೆಯಿಂದ ಬಿಡಿಸುತ್ತಾರೆ. ಮುಖದ ನರ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ಮುಚ್ಚದ ಆ ಕಣ್ಣು ಒಣಗಿ ಹುಣ್ಣಾಗದಂತೆ ದಿನಕ್ಕೆ ಹಲವು ಸಲ ಮುಲಾಮು ಹಾಕುತ್ತಿರಬೇಕು.